ಒತ್ತೆ

ಬೆಳಗಿನ ಜಾವ ನಾಲ್ಕೂವರೆ. ಮೆಲ್ಬರ್ನಿನ ಪೂರ್ವದಂಚು.
ಫುಟಿ ಮೈದಾನದ ಹಿಂದೆ, ಹಸಿರು ಬಟ್ಟೆ ಕಟ್ಟಿದ ಬೇಲಿಯ ಪಕ್ಕ
ಬೋರ್‌ಹೋಲ್ ಹದಿನೇಳರ ಮುಚ್ಚಳ ತಿರುಚಿ
ಟೇಪು ಇಳಿಬಿಡುತ್ತೇನೆ.
ನೀರು ತಾಗಿದರೆ ಕೀಚ್ ಎನ್ನುವ ಟೇಪು.
ಕೀಚ್ ಎಂದಲ್ಲಿ ಹೆಬ್ಬೆರಳು ಒತ್ತಿ ಹಿಡಿದು
ಅಂಕಿ ಬರೆದುಕೊಳ್ಳಬೇಕು.
ಇದಕ್ಕೆ ನನಗೆ ಸಂಬಳ.

ಜೂನಿನಲ್ಲಿ ಆರು ಮೀಟರು ಇಪ್ಪತ್ತು.
ಆಗಸ್ಟಿನಲ್ಲಿ ಆರು ತೊಂಬತ್ತು.
ಇವತ್ತು ಟೇಪು ಇಳಿಯುತ್ತಲೇ ಇದೆ.
ಏಳು.
ಏಳೂಕಾಲು.
ಮಂಡಿಗೆ ಇಬ್ಬನಿ ಹತ್ತುತ್ತಿದೆ, ಕಿವಿಯೆಲ್ಲ ಆ ತೂತಿನೊಳಗೆ.
ಕತ್ತಲಲ್ಲೇ ಮ್ಯಾಗ್‌ಪೈ ಒಂದು ಗಂಟಲು ಸರಿಮಾಡಿಕೊಂಡಿತು.
ಏಳು ಎಂಬತ್ತೆಂಟು. ಕೀಚ್.

ಇನ್ನೂರು ಗಜ ಆಚೆ ನೆಲ ಬಗೆದು
ಸ್ಟೇಷನ್ನಿನ ಹೊಟ್ಟೆ ತೆಗೆಯುತ್ತಿದ್ದಾರೆ.
ನಾಲ್ಕು ಪಂಪು, ಹಗಲೂ ಇಲ್ಲ ರಾತ್ರಿಯೂ ಇಲ್ಲ.
ಅಗೆಯುವವರ ಬೂಟು ಒಣಗಿರಬೇಕಾದರೆ
ಇಡೀ ಬೀದಿಯ ಬುಡ ಒಣಗಬೇಕು.

ಕಡಿದ ಮರಗಳಿಗೆ ಲೆಕ್ಕವಿದೆ:
ಕೆಂಪು ಚೀಟಿಯವು ಮುನ್ನೂರ ಹನ್ನೆರಡು.
ಒಂದಕ್ಕೆ ಎರಡು ಸಸಿ, ಕಂಪನಿಯ ವಾಗ್ದಾನ.
ಆದರೆ ತೊರೆಯ ತಿರುವಿನ ಈ ರೆಡ್ ಗಮ್
ಹಸಿರು ಚೀಟಿಯದು. ಉಳಿಸಿದ್ದು.
ಬುಡದ ಸುತ್ತ ಕಟಕಟೆ, "ಮರದ ರಕ್ಷಣಾ ವಲಯ" ಎಂಬ ಫಲಕ.
ಗರಗಸ ಇದನ್ನು ಮುಟ್ಟುವ ಹಾಗಿಲ್ಲ, ಮುಟ್ಟಿಯೂ ಇಲ್ಲ.
ಬೇರು ಮಾತ್ರ ಕೆಳಗೆ ಕೆಳಗೆ ತಡಕುತ್ತಿದೆ,
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕಿದ ಹಾಗೆ.

"ಎಷ್ಟಾಯ್ತು?"
ಹಿತ್ತಿಲ ಬೇಲಿಯ ಮೇಲೆ ಸ್ಟವ್ರೂಲಾಳ ತಲೆ,
ಮಗುವಿನ ಜ್ವರ ಕೇಳುವ ದನಿಯಲ್ಲಿ.
ಅವಳ ಅಂಜೂರದಲ್ಲಿ ಇಲಿಕಿವಿಯಷ್ಟು ಎಲೆ.
ಮೆಟ್ರೊ ಬೇಕೆಂದು ಮನೆಮನೆ ತಿರುಗಿ ಸಹಿ ತಂದವಳು ಇವಳೇ.
ಸೊಂಟಕ್ಕೆ ಸ್ಟೀಲು; ಆಸ್ಪತ್ರೆಗೆ ಎರಡು ಬಸ್ಸು, ಒಂದೂ ಮುಕ್ಕಾಲು ಗಂಟೆ.
ರೈಲಾದರೆ ಹನ್ನೊಂದು ನಿಮಿಷ.
"ನಂಗೆ ರೈಲೂ ಬೇಕು, ಮರಾನೂ ಬೇಕು," ಅಂದಳು,
"ಇದರಲ್ಲಿ ತಪ್ಪೇನಿದೆ ಹೇಳು."
ಏನು ಹೇಳಲಿ? ರಸ್ತೆಯಲ್ಲಿ ನನ್ನ ಡೀಸೆಲ್ ಯೂಟ್ ನಿಂತಿದೆ,
ಈ ಹೊತ್ತಿಗೆ ಇಲ್ಲಿಗೆ ಯಾವ ರೈಲೂ ಇಲ್ಲ.

ಚಿಂತಾಮಣಿಯ ನಮ್ಮ ಬೀದಿಗೆಲ್ಲ ಒಂದೇ ಪಾತಾಳ ಗರಡಿ,
ಬಳೆಯಂಗಡಿ ಗೌಸಿಯಾಬಿಯದು.
ಬಾವಿಗೆ ಬಿಂದಿಗೆ ಬಿದ್ದರೆ ಅವಳ ಬಾಗಿಲು ತಟ್ಟಬೇಕು.
ಕೊಡುತ್ತಿದ್ದಳು, ಆದರೆ ಬರಿಗೈಗಲ್ಲ.
ಒಂದು ಚೊಂಬೋ ತಟ್ಟೆಯೋ ಒತ್ತೆ ಇಟ್ಟು ಹೋಗು,
ಗರಡಿ ತಂದಾಗ ಬಿಡಿಸಿಕೊ.
ಅವಳ ಗೂಡಿನಲ್ಲಿ ಯಾರೂ ಬಿಡಿಸಿಕೊಳ್ಳದ
ಮೂರು ಹಿತ್ತಾಳೆ ಲೋಟ ಇದ್ದವು.
ಅವನ್ನು ಬೆಳಗುತ್ತಿದ್ದಳು, ಬಳಸುತ್ತಿರಲಿಲ್ಲ.

ಕೆಲಸದ ಗೇಟಿನ ಬಳಿ ಕರಿ ಪ್ಲಾಸ್ಟಿಕ್ ಕುಂಡಗಳ ಸಾಲು,
ಬೆರಳುದ್ದದ ಗಮ್ ಸಸಿಗಳು, ಕೊರಳಲ್ಲಿ ನಂಬರು.
ನೆಡುವ ಜಾಗ ಇನ್ನೂ ಗೊತ್ತಾಗಿಲ್ಲ.
ಮೊದಲ ಸಾಲು ಆಗಲೇ ಕಂದಿದೆ.
ನೀರುಣಿಸುವುದು ಬೇರೆ ಗುತ್ತಿಗೆಯವರ ಪಾಲು.

ಎಂಟು ಮೀಟರು ದಾಟಿದರೆ ಮಾತ್ರ
ನಾನು ಫೋನು ಮಾಡಬೇಕು, ಪಂಪು ನಿಲ್ಲಬೇಕು.
ಉಳಿದದ್ದು ಹನ್ನೆರಡು ಸೆಂಟಿಮೀಟರು.
ಅರ್ಧ ಗೇಣು. ಅಲ್ಲಿಯವರೆಗೂ
ಎಲ್ಲವೂ ಮಿತಿಯೊಳಗೆ.

ಮತ್ತೊಮ್ಮೆ ಇಳಿಸಿ ನೋಡಿದೆ. ಅಷ್ಟೇ.
ಟೇಪು ಸುತ್ತಿ, ಒರೆಸಿ, ಪೆನ್ಸಿಲು ತೆಗೆದೆ.

"ಪೆನ್ನಲ್ಲಿ ಬರಿ," ಅಂದಳು ಸ್ಟವ್ರೂಲಾ,
ಬೇಲಿಯ ಮೇಲಿಂದ ತನ್ನದನ್ನೇ ಚಾಚುತ್ತ.